ವಿಭೂತಿಯ ಕೆಳಗಿನ ಕೆಂಪು

ನಜೀಮಾ ಸುರಪುರದ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತಳು. ನನ್ನ ಹೆಂಡತಿ ರೇಣುಕಾದೇವಿ ಅವಳಿಗೆ ಐಟಿಐಯಲ್ಲಿ ಪಾಠ ಹೇಳಿದವಳು. ಮೋಟರ್ ಕೆಟ್ಟರೂ, ಬಂಗಾರ ಕಳೆದರೂ ಜನ ಹುಡುಕಿಕೊಂಡು ಬರುವುದು ಇವಳನ್ನೇ. ಇವಳ ಚೀಲ ಹೊರುವ ಭಾಗ್ಯ ಮಾತ್ರ ನನ್ನದು.

"ಬಾಯಾರ, ನಾ ಗಾಳಿ ಬಿಟ್ಟಿಲ್ರಿ" ಎಂದಳು ನಜೀಮಾ.

ಅವಳು ದೇವಾಪುರದ ದಾರಿಯ ಒಂದು ಪಂಪ್‌ಹೌಸಿನಲ್ಲಿ ಆಪರೇಟರ್. ಹಿಂದಿನ ದಿನ ಅಲ್ಲಿನ ಫಿಟ್ಟರ್ ಈಶಪ್ಪ, ಗಾಳಿಯ ಒತ್ತಡದಿಂದ ವಾಲ್ವ್ ತಿರುಗಿಸುವ ಯಂತ್ರವನ್ನು ಬಿಚ್ಚುತ್ತಿದ್ದಾಗ ಮುಚ್ಚಳ ಸಿಡಿದು ಅವನ ಮುಂಗೈ ಮುರಿದಿತ್ತು. ನಜೀಮಾ ನೋಡದೆ ಗಾಳಿ ಬಿಟ್ಟಳೆಂದು ಎಂಜಿನಿಯರ್ ಚೇತನಕುಮಾರ ನಂಬಿದ್ದ. ಸಂಜೆಗೆ ಅವಳ ಕೆಲಸ ಹೋಗುವುದಿತ್ತು. ತಾಯಿ, ತಂಗಿ ಇಬ್ಬರ ಊಟವೂ ಆ ಕೆಲಸದಲ್ಲೇ ಇತ್ತು. ಆದರೆ ಅವಳು ಅತ್ತದ್ದು ಬೇರೆ ಮಾತಿಗೆ. ಅಲ್ಲಿಯೇ ಕಸ ಹೊಡೆಯುವ ಈಶಪ್ಪನ ಹೆಂಡತಿ ಮರಿಲಿಂಗಮ್ಮ ದಿನಾ ತನ್ನ ಡಬ್ಬಿಯ ರೊಟ್ಟಿ ಇವಳಿಗೂ ಕೊಡುತ್ತಿದ್ದಳಂತೆ. ಈಗ ಮುಖ ತೋರಿಸಬೇಡ ಅಂದಿದ್ದಳು.

ನಾವು ಮೂವರೂ ಹೋದಾಗ ಪಂಪ್‌ಹೌಸಿನ ಒಳಗೆ ಬೆಳಕು ಮಂದವಾಗಿತ್ತು. ಆಯುಧಪೂಜೆ ಮುಗಿದು ಸ್ವಲ್ಪವೇ ದಿನಗಳಾಗಿದ್ದವು; ಎಲ್ಲ ಯಂತ್ರಗಳಿಗೂ ಒಂದೊಂದೇ ಬೊಟ್ಟು. ಈಶಪ್ಪನ ಯಂತ್ರದ ಮುಚ್ಚಳಕ್ಕೆ ಮಾತ್ರ ಕೈತುಂಬ ವಿಭೂತಿ, ಕುಂಕುಮ. ಗಾಳಿಯ ಪೈಪು ಕಳಚಿ, ಬಾಯಿಗೆ ಬಟ್ಟೆ ಕಟ್ಟಿತ್ತು. ಕೆಲಸಕ್ಕೆ ಮೊದಲೇ ತಾನು ಕಟ್ಟಿದ್ದೆಂದು, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದ ಈಶಪ್ಪ ಹೇಳಿದ.

ನೆಲದ ಮೇಲಿದ್ದ ಬೋಲ್ಟುಗಳಲ್ಲಿ ಎರಡು ಉದ್ದನೆಯವು. ರೇಣುಕಾ ನನ್ನ ಹೊಸ ಟವೆಲಿನಿಂದಲೇ ಅವುಗಳ ತಲೆ ಒರೆಸಿದಳು. ವಿಭೂತಿ ಹೋಗಿ ಕೆಂಪು ಬಣ್ಣ ಕಂಡಿತು. ಅದು ಉಜ್ಜಿದರೂ ಹೋಗಲಿಲ್ಲ. ಆಮೇಲೆ ತುದಿಯ ತಿರುಪುಗೆರೆ ಕಿತ್ತುಹೋಗಿದ್ದ ಎರಡು ಗಿಡ್ಡ ಬೋಲ್ಟುಗಳನ್ನು ಒರೆಸಿದಳು. ಅವುಗಳ ಕೆಂಪೆಲ್ಲ ಟವೆಲಿಗೆ ಬಂತು. ಅವಳು ಎಲ್ಲರನ್ನೂ ಕರೆಸಿದಳು.

"ಪೈಪೇ ಕಳಚಿತ್ತು, ಗಾಳಿ ಎಲ್ಲಿಂದ ಬರಬೇಕ್ರಿ? ಒಳಗ ಒತ್ತಿ ಕೂಡ್ಸಿದ ಸ್ಪ್ರಿಂಗ್ ಅದ. ಒದ್ದದ್ದು ಅದು."

ಮೊದಲು ಗಿಡ್ಡ ಬೋಲ್ಟು ತೆಗೆಯಬೇಕು ಎಂದು ವಿವರಿಸಿದಳು. ಕೊನೆಗೆ ಉದ್ದನೆಯ ಎರಡನ್ನು ಅದಿಷ್ಟು ಇದಿಷ್ಟು ಸಡಿಲಿಸುತ್ತ ಹೋದರೆ ಮುಚ್ಚಳ ಮೆಲ್ಲಗೆ ಮೇಲೇಳುತ್ತದೆ, ಸ್ಪ್ರಿಂಗಿನ ಬಿಗುವು ತಾನೇ ಇಳಿಯುತ್ತದೆ. ಬಿಗಿದಾಗ ಎಲ್ಲದರ ತಲೆಯೂ ಒಂದೇ ತರ ಕಾಣುವುದರಿಂದ, ಗುರುತಿಗೆಂದು ಈಶಪ್ಪ ಆ ಎರಡಕ್ಕೆ ಕೆಂಪು ಬಳಿದಿದ್ದ. ಪೂಜೆಯಲ್ಲಿ ಆ ಕೆಂಪು ವಿಭೂತಿಯ ಕೆಳಗೆ ಮುಚ್ಚಿಹೋಯಿತು, ಎಣ್ಣೆಯಲ್ಲಿ ಕಲಸಿದ ಕುಂಕುಮ ಎರಡು ಗಿಡ್ಡ ಬೋಲ್ಟುಗಳ ಮೇಲೆ ಕೂತಿತು. ಈಶಪ್ಪ ಬಣ್ಣ ನಂಬಿ ಅವನ್ನೇ ಕೊನೆಗೆ ಉಳಿಸಿಕೊಂಡ. ಸ್ಪ್ರಿಂಗಿನ ಬಿಗುವು ಇಳಿಯುವ ಮೊದಲೇ ಅವುಗಳ ಹಿಡಿತ ತಪ್ಪಿತು.

ವಿಭೂತಿ, ಕುಂಕುಮ ಹಚ್ಚಿದವರು ಯಾರೆಂದು ಚೇತನಕುಮಾರ ಕೇಳಿದ. ಇಷ್ಟು ಯಂತ್ರಗಳಲ್ಲಿ ಈ ಒಂದರ ಮೇಲೆ ಯಾರಿಗೆ ಇಷ್ಟು ಕಾಳಜಿಯೆಂದು ರೇಣುಕಾಗೆ ಗೊತ್ತಿತ್ತು. ಅವಳು ಯಾರ ಕಡೆಗೂ ನೋಡಲಿಲ್ಲ.

"ನಾನ್ರಿ" ಎಂದಳು ಮರಿಲಿಂಗಮ್ಮ. "ದೇವ್ರು ಇವ್ರ ಕೈ ಕಾಯಲಿ ಅಂತ ಹಚ್ಚೀನ್ರಿ."

ಚೇತನಕುಮಾರ ನಜೀಮಾಗೆ ನಾಳೆ ಡ್ಯೂಟಿಗೆ ಬಾ ಎಂದು ಮೆಲ್ಲಗೆ ಹೇಳಿದ. ಮರಿಲಿಂಗಮ್ಮನಿಗೆ ಅವಳ ಕಡೆ ತಲೆ ಎತ್ತಲು ಆಗಲಿಲ್ಲ. ನಜೀಮಾಳೇ ಹೋಗಿ ಪಕ್ಕದಲ್ಲಿ ಕುಳಿತಳು.

"ಅವ್ವಾ, ನಿನ್ನಿಯಿಂದ ಉಂಡಿಲ್ರಿ. ಡಬ್ಬಿ ತಂದೀರೇನು?"

ಮರಿಲಿಂಗಮ್ಮ ಡಬ್ಬಿ ತೆಗೆದಳು. ಮೊದಲ ತುತ್ತು ನಜೀಮಾಳ ಬಾಯಿಗೆ ಇಟ್ಟಳು. ಪ್ಲಾಸ್ಟರ್ ಕೈಯ ಈಶಪ್ಪ ಬಂದು ಎದುರಿಗೆ ಕುಳಿತು, ತಾನೂ ಬಾಯಿ ತೆರೆದ.