ಪರಿಣಾಮ: ಯಾರಿಗೂ ಇಲ್ಲ

ಮಂಗಳವಾರ ಬೆಳಿಗ್ಗೆ 10.40ಕ್ಕೆ ಸಾಫ್ಟ್‌ವೇರ್ ಕಂಪನಿಯೊಂದರ ಮ್ಯಾನೇಜರ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಆಸ್ಪತ್ರೆಯಲ್ಲಿ ರೋಗಿ ಹಾಸಿಗೆ ಪಕ್ಕದ ಗುಂಡಿ ಒತ್ತಿದರೆ ನರ್ಸ್ ಕೋಣೆಯಲ್ಲಿ ಗಂಟೆ ಬಾರಿಸಬೇಕು. ಅದನ್ನು ಬಾರಿಸುವ ಪ್ರೋಗ್ರಾಂ ಇವರ ಕಂಪನಿಯದು. ಭಾನುವಾರ ಮಧ್ಯಾಹ್ನ ಒಂದು ಆಸ್ಪತ್ರೆಯ ಏಳನೇ ವಾರ್ಡಿನಲ್ಲಿ ಗಂಟೆ ಬಾರಿಸಲಿಲ್ಲ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಹನ್ನೊಂದು ಸಲ ಗುಂಡಿ ಒತ್ತಿ, ಯಾರೂ ಬಾರದಿದ್ದಾಗ ತಾವೇ ಇಳಿಯಲು ಹೋಗಿ ಬಿದ್ದು, ಸೊಂಟದ ಮೂಳೆ ಮುರಿದುಕೊಂಡಿದ್ದರು. ಶುಕ್ರವಾರ ಮಧ್ಯಾಹ್ನ 1.20ಕ್ಕೆ ಪ್ರೋಗ್ರಾಮಿನ ಒಂದು ಸಾಲನ್ನು ಬೇಕೆಂದೇ ತೆಗೆಯಲಾಗಿದೆ, ತೆಗೆದವಳ ಹೆಸರೂ ದಾಖಲೆಯಲ್ಲಿದೆ, ಇವತ್ತೇ ಒಳಗೆ ಹಾಕಿ ಎಂದು ಮ್ಯಾನೇಜರ್ ಪಟ್ಟು ಹಿಡಿದರು.

ಇನ್ಸ್‌ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿದರು. ತನಿಖೆಯನ್ನೂ ತಾವೇ ಮುಗಿಸಿಕೊಂಡು ಠಾಣೆಗೆ ಬರುವ ದೂರುದಾರರ ಮೇಲೆ ಅವರಿಗೆ ಮೊದಲಿನಿಂದಲೂ ನಂಬಿಕೆ ಕಡಿಮೆ.

12.15ಕ್ಕೆ ಅವರು ಹೆಡ್ ಕಾನ್‌ಸ್ಟೆಬಲ್ ಜೊತೆ ಕಂಪನಿಗೆ ಹೋದರು. ಈ ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ಭೂತಗನ್ನಡಿ ಎಂದೇ ಹೆಸರು. ಔಷಧದ ಡಬ್ಬಿ ಕೈಗೆ ಸಿಕ್ಕಿದರೂ ಕೊನೆಯ ಸಾಲಿನ ತನಕ ಓದದೆ ಬಿಡುವ ಆಸಾಮಿಯಲ್ಲ. ಹೆಂಡತಿ ತೀರಿಕೊಂಡ ಮೇಲೆ ಆ ಚಟ ಇನ್ನೂ ಹೆಚ್ಚಾಗಿತ್ತು.

ಆಪಾದಿತೆ ಅಲ್ಲಿ ಮೂರು ವರ್ಷದಿಂದ ಪ್ರೋಗ್ರಾಮರ್ ಆಗಿದ್ದ ಹುಡುಗಿ. ನಿನ್ನೆಯ ತನಕ ಒಂದೇ ಮೇಜಿನಲ್ಲಿ ಊಟ ಮಾಡಿದವರು ಇವತ್ತು ಅವಳತ್ತ ತಲೆ ಎತ್ತಿ ನೋಡುತ್ತಿರಲಿಲ್ಲ. ಕೆಲಸ ಹೋದರೆ ಇನ್ನೊಂದು ಸಿಕ್ಕೀತು. ಅಜ್ಜಿಯೊಬ್ಬರ ಸೊಂಟ ಮುರಿದವಳು ಎಂಬ ಹೆಸರು ಅಂಟಿದರೆ ಅದು ಹೋಗುವಂಥದ್ದಲ್ಲ.

"ಶುಕ್ರವಾರ 1.20ಕ್ಕೆ ಎಲ್ಲಿದ್ರಿ?"

"ಕ್ಯಾಂಟೀನಲ್ಲಿ ಮೇಡಂ."

"ಕಂಪ್ಯೂಟರ್ ಲಾಕ್ ಮಾಡಿದ್ರಾ?"

"ಇಲ್ಲ. ಊಟಕ್ಕೆ ಹೋಗುವಾಗ ಯಾರೂ ಮಾಡಲ್ಲ."

ಕ್ಯಾಮೆರಾ ಇದ್ದದ್ದು ಹೊರಬಾಗಿಲಲ್ಲಿ ಮಾತ್ರ. ಅದರ ಪ್ರಕಾರ ಆ ಹೊತ್ತಿನಲ್ಲಿ ಹುಡುಗಿಯನ್ನು ಬಿಟ್ಟು ಮಹಡಿಯ ಮೇಲೆ ಉಳಿದಿದ್ದವರು ಒಂಬತ್ತು ಮಂದಿ. ಪಂಚರ ಸಮಕ್ಷಮ ಪಂಚನಾಮೆ ಬರೆದು, ಹುಡುಗಿಯ ಕಂಪ್ಯೂಟರ್, ಕೀಬೋರ್ಡ್ ವಶಕ್ಕೆ ಪಡೆದು, ಒಂಬತ್ತು ಮಂದಿಯ ಬೆರಳಚ್ಚು ತೆಗೆದುಕೊಂಡರು.

ಪ್ರೋಗ್ರಾಮಿನಲ್ಲಿ ಏನೇ ಬದಲಿಸಿದರೂ ಏನು, ಯಾಕೆ ಎಂದು ಒಂದು ಟಿಪ್ಪಣಿ ಬರೆದು ಸೇರಿಸಬೇಕು, ಅದಕ್ಕೆ ಕಮಿಟ್ ಸಂದೇಶ ಅನ್ನುತ್ತಾರೆ ಎಂದು ಹುಡುಗಿ ಭೂತಗನ್ನಡಿಗೆ ಬಿಡಿಸಿ ಹೇಳಿದಳು. ಅವಳದ್ದೂ ಆ ಒಂಬತ್ತು ಮಂದಿಯದ್ದೂ ಸೇರಿ, ತಿದ್ದುವ ಮೊದಲು ಬರೆದ ಹಾಗೇ ಇದ್ದ ನಾಲ್ಕು ಸಾವಿರ ಸಂದೇಶಗಳನ್ನು ಅವರು ಪ್ರಿಂಟ್ ಹಾಕಿಸಿಕೊಂಡು ಬಂದು ಬುಧವಾರವಿಡೀ ಓದಿದರು. ಹುಡುಗಿಯ ಸಂದೇಶಗಳನ್ನು ಓದಿ ಒಬ್ಬರೇ ನಕ್ಕರು. ಒಂದರಲ್ಲಿ "ಸರಿಮಾಡಿದೆ" ಎಂದಿತ್ತು. ಹತ್ತು ನಿಮಿಷ ಬಿಟ್ಟು "ಮತ್ತೆ ಸರಿಮಾಡಿದೆ." ಅದಾಗಿ ಕಾಲು ಗಂಟೆಗೆ "ಈಗ ದೇವರಾಣೆ ಸರಿಯಾಗಿದೆ." ಶುಕ್ರವಾರದ ಸಂದೇಶ ಮಾತ್ರ ಸರ್ಕಾರಿ ಆದೇಶದ ಹಾಗಿತ್ತು. ಚಿಕ್ಕ ತಲೆಬರಹ, ಒಂದು ಖಾಲಿ ಸಾಲು, ಕಾರಣ, ಕೊನೆಗೆ "ಪರಿಣಾಮ: ಯಾರಿಗೂ ಇಲ್ಲ."

ಸಂಜೆ ಅವರು ಮೇಡಂ ಎದುರು ಆ ಹಾಳೆ ಇಟ್ಟರು. ಬದಲಾವಣೆಯ ಪರಿಣಾಮ ಯಾರಿಗೆ ಆಗುತ್ತದೆ ಎಂದು ಕೊನೆಯಲ್ಲಿ ಬರೆಯುವವರು ಇಡೀ ಕಟ್ಟಿನಲ್ಲಿ ಒಬ್ಬರೇ ಇದ್ದರು. ಅವರು ಒಂದು ಸಲವೂ ಆ ಸಾಲು ಬಿಟ್ಟಿರಲಿಲ್ಲ.

ಮ್ಯಾನೇಜರ್‌ಗೆ ಫೋನ್ ಮಾಡಿದಾಗ ಸಂದೇಶಗಳ ಶೈಲಿಗೆಂದು ಹನ್ನೊಂದು ಪುಟದ ನಿಯಮಾವಳಿ ಇರುವುದು ತಿಳಿಯಿತು. ಪರಿಣಾಮ ಬರೆಯಬೇಕೆಂಬುದು ಒಂಬತ್ತನೇ ಪುಟದಲ್ಲಿತ್ತು. ಅಲ್ಲಿಯ ತನಕ ಯಾರೂ ಓದಿರಲಿಲ್ಲ, ಮ್ಯಾನೇಜರೂ ಓದಿರಲಿಲ್ಲ. ನಿಯಮಾವಳಿ ಬರೆದವರೂ ಆ ಸಾಲು ಎಂದೂ ಬಿಡದವರೂ ಒಬ್ಬರೇ, ಕಂಪನಿಯ ಪರಿಶೀಲಕರು. ಎಲ್ಲರ ಸಂದೇಶಗಳೂ ಒಂದೇ ರೀತಿ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ವಾಪಸ್ ಕಳಿಸುವುದು ಹತ್ತೊಂಬತ್ತು ವರ್ಷದಿಂದ ಅವರ ಕೆಲಸವಾಗಿತ್ತು. ಹೋದ ತಿಂಗಳಿಂದ ಅದನ್ನು ಒಂದು ಮೆಷಿನ್ ಮಾಡುತ್ತಿತ್ತು. ಅವರನ್ನು ತೆಗೆದಿರಲಿಲ್ಲ, ಬೇರೆ ಕೆಲಸ ಕೊಡುವುದು ಯಾರಿಗೂ ನೆನಪಾಗಿರಲಿಲ್ಲ.

ಗುರುವಾರ ಮಧ್ಯಾಹ್ನ 2.50ಕ್ಕೆ ಬೆರಳಚ್ಚಿನ ವರದಿ ಬಂತು. ಕೀಬೋರ್ಡಿನ ಮೇಲಿದ್ದದ್ದು ಪರಿಶೀಲಕರ ಬೆರಳಿಗೆ ತಾಳೆಯಾಗಿತ್ತು.

ಪರಿಶೀಲಕರ ಕೋಣೆ ಮಹಡಿಯ ಕೊನೆಯಲ್ಲಿ, ಹಳೆಯ ಪ್ರಿಂಟರ್‌ಗಳನ್ನು ಪೇರಿಸಿಟ್ಟ ಜಾಗದ ಆಚೆ ಇತ್ತು. ಒಂದು ಮೇಜು, ಒಂದೇ ಕುರ್ಚಿ. ಬಂದವರನ್ನು ಕೂರಿಸಲು ಇನ್ನೊಂದಿಲ್ಲವಲ್ಲ ಎಂದು ಅವರು ಪೇಚಾಡಿಕೊಂಡರು. ಮೇಡಂ ನಿಂತೇ ಕೇಳಿದರು.

"ಶುಕ್ರವಾರ ಆ ಹುಡುಗಿ ಕಂಪ್ಯೂಟರ್ ಮುಂದೆ ಕೂತಿದ್ರಾ?"

"ಕೂತಿದ್ದೆ."

"ಏಳನೇ ವಾರ್ಡೇ ಯಾಕೆ?"

"ಬಣ್ಣ ಹೊಡೀತಿದಾರೆ, ಖಾಲಿ ಇದೆ ಅಂತ ಪಟ್ಟಿಯಲ್ಲಿತ್ತು. ಶನಿವಾರ ತೆರೆದಿದ್ದು ನನಗೆ ಯಾರೂ ಹೇಳಲಿಲ್ಲ."

ಮೆಷಿನ್ ಬರೀ ಆಕಾರ ನೋಡುತ್ತದೆ, ಒಳಗೆ ಏನಿದೆ ಎಂದು ಓದುವುದಿಲ್ಲ ಎಂದು ತೋರಿಸಬೇಕಿತ್ತಂತೆ. ಸೋಮವಾರ ಯಾರಾದರೂ ತಪ್ಪು ಕಂಡುಹಿಡಿದು, ಇದನ್ನು ಮನುಷ್ಯರೇ ನೋಡಬೇಕು ಎಂದು ತಮ್ಮ ಬಾಗಿಲು ತಟ್ಟುತ್ತಾರೆ ಎಂದು ಅವರು ಲೆಕ್ಕ ಹಾಕಿದ್ದರು.

"ಅವಳು ಹೇಗೆ ಬರೀತಾಳೆ ನಿಮಗೆ ಗೊತ್ತಿತ್ತು. ಹಾಗೇ ಬರೆದಿದ್ರೆ ಸಿಕ್ಕಿಬೀಳ್ತಿರಲಿಲ್ಲ."

"ಬರೆದೆ ಮೇಡಂ. ನಾಲ್ಕು ಸಲ ಬರೆದೆ. ಹಾಗೆ ಕಳಿಸೋಕೆ ಮನಸ್ಸು ಒಪ್ಪಲಿಲ್ಲ."

4.15ಕ್ಕೆ ದಸ್ತಗಿರಿ ಆಯಿತು. ಅಜ್ಜಿ ಈಗ ಹೇಗಿದ್ದಾರೆ ಎಂದು ಜೀಪಿನಲ್ಲಿ ಅವರು ಎರಡು ಸಲ ಕೇಳಿದರು. ಆಪರೇಷನ್ ಆಗಿದೆ, ನಡೆಯುವುದು ಅನುಮಾನ ಎಂದು ಭೂತಗನ್ನಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಪರಿಶೀಲಕರು ಮುಖ ಮುಚ್ಚಿಕೊಂಡು ಅತ್ತರು.

ಹುಡುಗಿಯ ಹೆಸರೇ ಯಾಕೆ ಎಂಬುದನ್ನು ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಹೇಳಿದರು. ಸಂದೇಶ ವಾಪಸ್ ಕಳಿಸಿದರೆ ಉಳಿದವರೆಲ್ಲ ಸುಮ್ಮನೆ ತಿದ್ದಿ ಕಳಿಸುತ್ತಿದ್ದರು. ಅವಳೊಬ್ಬಳು "ತಪ್ಪಾಯ್ತು, ತಿದ್ದಿದೀನಿ, ಥ್ಯಾಂಕ್ಸ್" ಎಂದು ಪ್ರತಿಸಲ ಬರೆಯುತ್ತಿದ್ದಳು. ಎಷ್ಟೋ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಯಾರಾದರೂ ಅವರಿಗೆ ಹೇಳಿದ್ದು ಅಷ್ಟೇ. ಮೆಷಿನ್ ಬರುತ್ತದೆ ಎಂದು ತಿಳಿಸಿದ ಮೀಟಿಂಗನ್ನು ಅವರು ತಮ್ಮ ಕೋಣೆಯಿಂದಲೇ ಫೋನಿನಲ್ಲಿ ಕೇಳುತ್ತಿದ್ದರು. ಇಷ್ಟು ದಿನ ನೋಡ್ತಿದ್ದಿದ್ದೂ ಮೆಷಿನ್ನೇ ಅಲ್ವಾ ಎಂದು ಅವಳು ಕೇಳಿದ್ದಳು. ಎಲ್ಲರೂ ನಕ್ಕಿದ್ದರು.

5.40ಕ್ಕೆ ಕಂಪ್ಯೂಟರ್ ಯಾವಾಗ ಸಿಗುತ್ತದೆ ಎಂದು ವಿಚಾರಿಸಲು ಹುಡುಗಿ ಠಾಣೆಗೆ ಬಂದಳು. ನಿಮ್ಮ ಮೇಲೆ ಇನ್ನು ಏನೂ ಇಲ್ಲ ಎಂದು ಹೇಳಿ, ಮೇಡಂ ಉಳಿದದ್ದನ್ನೂ ತಿಳಿಸಿದರು. ಆರೋಪದಿಂದ ಪಾರಾದವಳ ಮುಖ ಅರಳುತ್ತದೆ ಎಂದುಕೊಂಡಿದ್ದರು, ಅರಳಲಿಲ್ಲ.

"ನಾನು ತಮಾಷೆಗೆ ಹೇಳಿದ್ದಲ್ಲ ಮೇಡಂ. ಅಲ್ಲಿ ಒಬ್ಬರು ಕೂತಿದಾರೆ ಅಂತ ನಿಜವಾಗ್ಲೂ ಗೊತ್ತಿರಲಿಲ್ಲ."

"ಮೆಷಿನ್‌ಗೆ ಯಾಕಮ್ಮ ಥ್ಯಾಂಕ್ಸ್ ಹೇಳ್ತಿದ್ದೆ?" ಎಂದು ಭೂತಗನ್ನಡಿ ಕೇಳಿದರು.

"ಈ ಊರಲ್ಲಿ ನನಗೂ ಯಾರೂ ಇರಲಿಲ್ಲ."

ಅವರನ್ನು ನೋಡಬಹುದೇ ಎಂದು ಕೇಳಿದಳು. ಆರು ಗಂಟೆಯ ತನಕ ಅವಕಾಶವಿತ್ತು. ಭೂತಗನ್ನಡಿ ಭೇಟಿ ಪುಸ್ತಕ ತೆರೆದು ಪೆನ್ನು ಕೊಟ್ಟರು. ಹುಡುಗಿ ತನ್ನ ಹೆಸರು ಬರೆದಳು, ಸಮಯ ಬರೆದಳು. "ಭೇಟಿಯಾಗುವವರ ಹೆಸರು" ಎಂಬಲ್ಲಿ ಪೆನ್ನು ನಿಂತಿತು.

"ಅವರ ಹೆಸರೇನು ಸರ್?"