ಕಿತ್ತಳೆ ಬಣ್ಣದ ಜಾಕೆಟ್ಟು

"ಈ ಲೈಫ್ ಜಾಕೆಟ್ ಯಾರಿಗೆ?!"

ಅವಳ ದನಿಗೆ ಅಂಗಡಿಯೊಡತಿ ಬೆಚ್ಚಿಬಿದ್ದಳು. ಕನ್ನಡಿಯ ಮುಂದೆ, ನೀರೊಳಗೆ ನೋಡಲು ಹಾಕುವ ಸ್ನಾರ್ಕಲಿಂಗ್ ಮಾಸ್ಕನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದ ಅವನೂ ತಿರುಗಿದ.

"ನಿಮಗೇ ಮೇಡಂ! ಸಾರ್ ಮೊನ್ನೆನೇ ಫೋನ್ ಮಾಡಿ ಎತ್ತಿಡಿಸಿದ್ರು. ಮದುವೆ ಮುಗಿಸ್ಕೊಂಡು ದ್ವೀಪಕ್ಕೆ ಹೊರಟಿದ್ದೀರಂತೆ... ಎಷ್ಟು ಕಾಳಜಿ ನೋಡಿ!"

ಕಾಳಜಿಯಂತೆ ಕಾಳಜಿ! ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಹತ್ತು ವರ್ಷಗಳಿಂದ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿರುವವಳು ಅವಳು. ಅಂಥವಳಿಗೆ ಜಾಕೆಟ್ಟು! ಹೇಳಿ, ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಹಿಂದೆ ಮದುವೆ ಮಾತುಕತೆಯಾಗಿದ್ದ ಇಬ್ಬರು ಗಂಡುಗಳೂ, "ಆಮೇಲೆ ಈ ನೀರಾಟ ಎಲ್ಲಾ ಬಿಡ್ಬೇಕು" ಎಂದಿದ್ದರು. ಕನ್ನಡಕದಂಗಡಿ ಇಟ್ಟಿರುವ ಇವನು ಮಾತ್ರ, "ಕೆಲಸ ಯಾಕ್ರೀ ಬಿಡ್ತೀರ? ನಾನೂ ನದೀಲಿ ಈಜಿ ಬೆಳೆದೋನೇ" ಎಂದಿದ್ದ. ಆ ಒಂದು ಮಾತಿಗೇ ಅವಳು ಸೋತುಹೋಗಿದ್ದಳು. ಮದುವೆಗೆ ಇನ್ನು ಮೂರೇ ವಾರ. ಈಗ ನೋಡಿದರೆ...

ಛೆ! ಎಲ್ಲರೂ ಒಂದೇ!

"ಹೇಳ್ರೀ! ಇದನ್ನ ತರ್ಸಿದ್ದು ನೀವೇನಾ?"

ಅವನು ಬಾಯಿ ತೆರೆದ. ಮಾಸ್ಕ್ ಜಾರಿ ಗಲ್ಲಕ್ಕೆ ಬಂತು.

"ಪಟ್ಟಿ ಹಾಕದೇನೇ, ಮೂಗಲ್ಲಿ ಉಸಿರೆಳೆದ್ರೆ ಮುಖಕ್ಕೆ ಕಚ್ಕೋಬೇಕು ಸಾರ್," ಒಡತಿ ಮಧ್ಯೆ ಬಾಯಿ ಹಾಕಿದಳು. "ನಿಮ್ಮ ಮೀಸೆ ಬಿಡ್ತಿಲ್ಲ. ಬೋಳಿಸ್ಬಿಡಿ, ಇಲ್ಲಾಂದ್ರೆ ಒಳಗೆ ನೀರು ನುಗ್ಗುತ್ತೆ."

"ಮೀಸೆ ತಂಟೆಗೆ ಮಾತ್ರ ಬರ್ಬೇಡಿ!"

ನೋಡಿ! ಮೀಸೆಯ ಮಾತಿಗೆ ಥಟ್ಟನೆ ಉತ್ತರವಿದೆ, ಅವಳ ಮಾತಿಗಿಲ್ಲ!

"ನಿಮ್ಮನ್ನೇ ಕೇಳ್ತಿರೋದು!"

"ಹೂಂ... ನಾನೇ ತರ್ಸಿದ್ದು. ಆದ್ರೆ..." ಅವನು ಒಡತಿಯತ್ತ ನೋಡಿದ. ಕಿವಿ ಕೆಂಪಾಯಿತು.

"ಸಾಕು! ನನ್ನ ಮೇಲೆ ನಂಬಿಕೆ ಇಲ್ದೋರ ಜೊತೆ ದ್ವೀಪಾನೂ ಬೇಡ, ಮದುವೇನೂ ಬೇಡ!"

ಮನೆಯಲ್ಲಿ ಅಕ್ಕ ಬುದ್ಧಿ ಹೇಳಲು ಬಂದಳು. "ಒಂದು ಜಾಕೆಟ್ಟಿಗೆ ಯಾರಾದ್ರೂ ಮದುವೆ ಬಿಡ್ತಾರೇನೇ?"

"ಜಾಕೆಟ್ಟಲ್ಲಕ್ಕಾ! ನನ್ನ ಕೆಲಸಾನೇ ಆಟ ಅಂದ್ಕೊಂಡಿದ್ದಾರೆ ಅವ್ರು!" ಎನ್ನುತ್ತಲೇ ಅತ್ತುಬಿಟ್ಟಳು. ಸಿಟ್ಟು ಬಂದವನ ಮೇಲೆಯೇ ಪ್ರೀತಿಯೂ ಇದ್ದರೆ ಏನು ಮಾಡುವುದು? ಅವನು ಏಳು ಸಲ ಕರೆ ಮಾಡಿದ. ಅವಳು ಒಮ್ಮೆಯೂ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ಮಕ್ಕಳ ತರಗತಿ. ಹಾಜರಿ ಕರೆಯುವಾಗ ಎಲ್ಲರೂ ಕಿಸಕ್ಕೆಂದು ನಗುತ್ತಿದ್ದರು. ಅವಳು ತಲೆಯೆತ್ತಿದಳು.

ಆರು ವರ್ಷದ ಮಕ್ಕಳ ಸಾಲಿನ ಕೊನೆಯಲ್ಲಿ ಅವನು! ಮೈಮೇಲೆ ಅದೇ ಕಿತ್ತಳೆ ಜಾಕೆಟ್ಟು. ಮೇಲ್ದುಟಿ ನುಣ್ಣಗೆ... ಮೀಸೆಯೇ ಇಲ್ಲ!

"ಇದು ನನಗೇ ತರ್ಸ್ಕೊಂಡಿದ್ದು," ಎಂದ. "ನನಗೆ ಈಜು ಬರಲ್ಲ. ನದಿ ಕಥೆ ಸುಳ್ಳು. ನಿಮ್ಮನ್ನ ಮೊದಲ ಸಲ ನೋಡಿದಾಗ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನಿನ್ನೆ ಆ ಅಂಗಡಿಯಮ್ಮನ ಎದುರು ಒಪ್ಕೊಳ್ಳೋಕೆ ನಾಚಿಕೆ ಆಯ್ತು."

"ನಿಮ್ಮ ನಾಚಿಕೆಗೆ ನಾನು ಅಳ್ಬೇಕಿತ್ತಾ? ಈಜು ಬರ್ದೆ ಸಮುದ್ರಕ್ಕಿಳಿಯೋರು! ಏನಾದ್ರೂ ಆಗಿದ್ರೆ?"

"ನೀವಿರ್ತಿದ್ರಲ್ಲ..." ಎಂದ ಅವನು. "ನಿಮ್ಮ ಮೇಲೆ ನಂಬಿಕೆ ಇಲ್ದೆ ಇದ್ರೆ, ನೀರು ಕಂಡ್ರೇ ಹೆದರೋನು ದ್ವೀಪಕ್ಕೆ ಹೊರಡ್ತಿದ್ನಾ?"

ಅವಳ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಬಿಡಿ.

"ಜಾಕೆಟ್ ಬಿಚ್ಚಿ."

"ಈಗಲೇ?!"

ಅವಳು ನೀರಿಗಿಳಿದು ಎರಡೂ ಕೈ ಚಾಚಿದಳು. ಅವನು ಜಾಕೆಟ್ಟು ಬಿಚ್ಚಿಟ್ಟು, ಕಣ್ಣು ಮುಚ್ಚಿಕೊಂಡು ಇಳಿದು ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದ.

"ಅಂಕಲ್, ಅಲ್ಲಿ ಸೊಂಟದವರೆಗೂ ನೀರಿಲ್ಲ!" ಮಕ್ಕಳು ಕೂಗಿದರು.

"ಇನ್ನೊಂದು ಸುಳ್ಳು ಹೇಳಿದ್ರೆ ಕೈ ಬಿಟ್ಬಿಡ್ತೀನಿ, ಗೊತ್ತಾಯ್ತಾ?"

"ಇಲ್ಲ... ಒಂದು ನಿಜ ಹೇಳ್ಲಾ? ನೀವಂದ್ರೆ ನನಗೆ ಪ್ರಾಣ. ಆದ್ರೆ ಈಗ ತುಂಬಾ ಭಯ ಆಗ್ತಿದೆ."

"ಗೊತ್ತು ಕಣೋ," ಎಂದಳು ಅವಳು. "ಬಾ... ಹಿಡ್ಕೊಂಡಿದ್ದೀನಿ."