ಡಿಸೆಂಬರಿನಲ್ಲಿ ಸಿಗದ ಸೀಟು

"ಯಾವ ಊರಿಗೆ ಟಿಕೆಟ್?"

ತಲೆಯೆತ್ತದೆ ಕೇಳಿದ ಮಾನಸಾ, ಬಳಿಕ ಮುಖ ನೋಡಿದಳು. ಬೆರಳುಗಳು ಕೀಲಿಮಣೆಯ ಮೇಲೇ ನಿಂತವು.

ಜಗದೀಶ!

ಮಸ್ಕತ್ತಿನಲ್ಲಿ ಕ್ರೇನ್ ನಡೆಸುವವನು. ವರ್ಷದ ಹಿಂದೆ ಅವಳ ಕೈಹಿಡಿಯಬೇಕಿದ್ದವನು. ಕಾರವಾರದ ಈ ಟ್ರಾವೆಲ್ ಕಚೇರಿಗೆ ಬರುವ ಧೈರ್ಯ ಎಲ್ಲಿಂದ ಬಂತು?

2007ರ ಡಿಸೆಂಬರಿನಲ್ಲಿ, ಬೆಳಂಬಾರದ ಮನೆಯಲ್ಲಿ ಅಪ್ಪ ತುಳಸಿದಾಸ ಹಾಸಿಗೆ ಹಿಡಿದಾಗ, ಬೇಗ ಬಾ ಎಂದು ಅವಳು ಫೋನ್ ಮಾಡಿದ್ದಳು. ನಾಳೆ ಸೀಟು ಖಾತ್ರಿಯಾಗುತ್ತದೆ ಎಂದ. ಮರುದಿನವೂ ಅದನ್ನೇ ಅಂದ.

ಅಪ್ಪ ಹೋದರು. ಹನ್ನೆರಡನೇ ದಿನ ಸತ್ತವರ ದೋಣಿಯನ್ನು ಮತ್ತೆ ನೀರಿಗಿಳಿಸುವಾಗ ಮೊದಲು ಕೈಹಚ್ಚುವುದು ಆ ಮನೆಯಲ್ಲಿ ಅಳಿಯನ ಕೆಲಸ; ನಿಶ್ಚಯವಾದವನೂ ಅಳಿಯನೇ. ಅಂದು ಮಾನಸಾಳೇ ಹೆಗಲು ಕೊಟ್ಟಳು. ಅವನು ಬಂದದ್ದು ಹದಿಮೂರನೇ ದಿನ. ವಿಮಾನ ಹತ್ತಿದಷ್ಟೂ ಕೂಡುವ ಪಾಯಿಂಟಿನ ಪುಕ್ಕಟೆ ಟಿಕೆಟ್ಟಿಗೆ ಕಾದನಂತೆ ಎಂದು ಯಾರೋ ಹೇಳಿದರು. ಅವಳು ಬಾಗಿಲು ಮುಚ್ಚಿದಳು.

ಈಗ ಅವನು ವಿಮಾನ ಕಂಪನಿಯ ಕಾರ್ಡನ್ನೂ ಗುಪ್ತಸಂಖ್ಯೆಯ ಚೀಟಿಯನ್ನೂ ಮೇಜಿನ ಮೇಲಿಟ್ಟ. ತಿಂಗಳ ಕೊನೆಗೆ ಪಾಯಿಂಟುಗಳು ರದ್ದಾಗುತ್ತವೆ, ಏನಾದರೂ ಆದೀತೇ ನೋಡು ಎಂದ.

"ಡಿಸೆಂಬರಲ್ಲಿ ಪಾಯಿಂಟಿಗೆ ಸೀಟು ಕೊಡೂದಿಲ್ಲ. ನಿಮಗೆ ಗೊತ್ತಿರ್ಬೇಕಲ್ಲ."

"ಹೋದ ವರ್ಷ ಗೊತ್ತಾಯ್ತು."

ಅವಳು ಖಾತೆ ತೆರೆದಳು. ಖಾತೆದಾರ: ಜಗದೀಶ. ಕುಟುಂಬದ ಸದಸ್ಯರು: ತುಳಸಿದಾಸ, ಮಾವ. ಮಾನಸಾ, ಹೆಂಡತಿ. ಸೇರಿಸಿದ ವರ್ಷ 2004.

ಹೆಂಡತಿ...? ಆಗಿನ್ನೂ ನಿಶ್ಚಯವೇ ಆಗಿರಲಿಲ್ಲ!

ಅವನು ನಿಧಾನವಾಗಿ ಹೇಳಿದ. ಜೀವಮಾನವಿಡೀ ದೋಣಿ ನಡೆಸಿದ ಸಮುದ್ರವನ್ನು ಒಮ್ಮೆ ಮೇಲಿನಿಂದ ನೋಡಬೇಕೆಂದು ತುಳಸಿದಾಸ ಆಸೆಪಟ್ಟಿದ್ದರು. ಮದುವೆಯಾದ ಮೇಲೆ ಮೂವರೂ ಹಾರೋಣವೆಂದು, ಪಾಯಿಂಟಿಗಾಗಿ ಇವನು ಪ್ರತಿ ಸಲವೂ ಹೆಚ್ಚುಕಡಿಮೆ ಇಮ್ಮಡಿ ದರದ ವಿಮಾನ ಹತ್ತಿದ. ಅವಳ ಫೋನ್ ಬಂದಾಗ ಕೈಯಲ್ಲಿ ಪಾಯಿಂಟುಗಳಿದ್ದವು, ಹಣವಿರಲಿಲ್ಲ. ಸಾಲ ಸಿಕ್ಕಿ ಬರುವಷ್ಟರಲ್ಲಿ ಹದಿಮೂರನೇ ದಿನವಾಗಿತ್ತು.

ಮಾನಸಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಆ ಹೆಚ್ಚುವರಿ ಹಣದಲ್ಲಿ, ಅಗ್ಗದ ವಿಮಾನದಲ್ಲಿ ಅಪ್ಪನನ್ನು ನಾಲ್ಕು ಸಲ ಹತ್ತಿಸಬಹುದಿತ್ತು...

"ಒಂದ್ ಮಾತು ನನ್ನ ಕೇಳ್ಬಾರ್ದಿತ್ತಾ? ನನ್ನ ಕೆಲ್ಸವೇ ಇದು."

"ನಿಂಗೆ ಹೇಳ್ಬೇಡ ಅಂದಿದ್ರು ಮಾವ. ಆಮೇಲೆ ಹೇಳ್ಲಿಕ್ಕೆ ಮುಖ ಇರ್ಲಿಲ್ಲ. ಪುಕ್ಕಟೆ ಸೀಟಿಗೆ ಕಾದದ್ದು ಹೌದಲ್ಲ."

ಹೌದು. ಅಪ್ಪನ ಕಣ್ಣು ಬಾಗಿಲಲ್ಲೇ ಇತ್ತು. ಅದನ್ನು ಇನ್ನು ಯಾರೂ ತಿದ್ದಲಾರರು. ಅವಳು ಆ ಮೂರು ಹೆಸರುಗಳನ್ನು ನೋಡಿ, ಕಾರ್ಡನ್ನು ಅವನತ್ತ ಸರಿಸಿದಳು.

"ರದ್ದಾಗ್ಲಿ ಬಿಡು."

ಬಿಡು! ವರ್ಷದ ಮೇಲೆ ಅವಳ ಬಾಯಲ್ಲಿ ಬಂದ ಏಕವಚನ.

"ನಾಳೆ ಅಪ್ಪನ ವರ್ಷಾಂತಿಕ. ದೋಣಿ ಮತ್ತೆ ಇಳಿಸೂದಿದೆ, ತಳ್ಳೂಕೆ ಬಾ."

"ಬತ್ತೆ," ಎಂದ.

"ಮಸ್ಕತ್ತಿಗೆ ಅಗ್ಗದ ವಿಮಾನಕ್ಕೇ ಹೋಗು."

"ಅದ್ರಲ್ಲಿ ಊಟ ಕೊಡೂದಿಲ್ಲ."

"ನಾ ಕಟ್ಕೊಡ್ತೆ."